ಸಹಪಾಠಿಯ ಪಾದ: ಯಂತ್ರಸಾಧನಗಳೂ ಕೂಡಿ ಕಲಿಯುವ ವಿದ್ಯೆಯೂ

ವಿದ್ಯೆಯನ್ನು ನಾಲ್ಕು ಪಾದಗಳಾಗಿ ಎಣಿಸುವ ಪ್ರಾಚೀನ ಲೆಕ್ಕವೊಂದು ನಮ್ಮಲ್ಲಿ ಪ್ರಸಿದ್ಧವಾಗಿದೆ. ಒಂದು ಪಾದ ಆಚಾರ್ಯನಿಂದ ಬರುತ್ತದೆ, ಒಂದು ಪಾದ ಶಿಷ್ಯನ ಸ್ವಂತ ಬುದ್ಧಿಯಿಂದ, ಒಂದು ಪಾದ ಸಹಪಾಠಿಗಳಿಂದ, ಉಳಿದುದು ಕಾಲಕ್ರಮದಿಂದ. ಆಧುನಿಕ ವಿದ್ಯಾಭ್ಯಾಸ ಪದ್ಧತಿಯು ಈ ನಾಲ್ಕರಲ್ಲಿ ಮೊದಲನೆಯದಕ್ಕಾಗಿ ಶಾಲೆಗಳನ್ನು ಕಟ್ಟಿತು. ಎರಡನೆಯದನ್ನು ಅಳೆಯುವುದಕ್ಕಾಗಿ ಪರೀಕ್ಷೆಗಳನ್ನು ಏರ್ಪಡಿಸಿತು. ನಾಲ್ಕನೆಯದು ಯಾರ ಏರ್ಪಾಟನ್ನೂ ಕಾಯುವಂಥದಲ್ಲ. ಮೂರನೆಯ ಪಾದವೊಂದು ಮಾತ್ರ ದಿಕ್ಕಿಲ್ಲದೆ ಉಳಿಯಿತು. ಅಷ್ಟೇ ಅಲ್ಲ, ಪರೀಕ್ಷೆಯ ಕೊಠಡಿಯಲ್ಲಿ ಸಹಪಾಠಿಯ ಹಾಳೆಯ ಕಡೆಗೆ ಕಣ್ಣು ಹಾಯಿಸುವುದು ಅಪರಾಧವೆನಿಸಿತು. ಹನ್ನೆರಡು ಹದಿನೈದು ವರ್ಷ ಒಂದೇ ಬೆಂಚಿನ ಮೇಲೆ ಕುಳಿತವರು ಒಬ್ಬರಿಂದೊಬ್ಬರು ಏನು ಕಲಿತರೆಂಬುದನ್ನು ಯಾವ ಅಂಕಪಟ್ಟಿಯೂ ಹೇಳುವುದಿಲ್ಲ.

ಈ ಅನಾಥ ಪಾದಕ್ಕೆ ಗಣಕಯಂತ್ರವೂ ಅಂತರಜಾಲವೂ ಆಸರೆಯಾಗಬಲ್ಲವೆಂಬ ಮಾತು ಕೆಲವು ದಶಕಗಳಿಂದ ಕೇಳಿಬರುತ್ತಿದೆ. ಕೆನಡದ ಟೊರೊಂಟೊ ನಗರದಲ್ಲಿ ಮಾರ್ಲೀನ್ ಸ್ಕಾರ್ಡಮಾಲಿಯ ಮತ್ತು ಕಾರ್ಲ್ ಬೆರೈಟರ್ ಎಂಬ ವಿದ್ವಾಂಸರು 1980ರ ದಶಕದಲ್ಲಿಯೇ ಶಾಲೆಯ ಮಕ್ಕಳು ತಮ್ಮ ಊಹೆಗಳನ್ನೂ ಸಂದೇಹಗಳನ್ನೂ ಒಂದು ಸಾಮಾನ್ಯ ಗಣಕಭಂಡಾರದಲ್ಲಿ ಬರೆದಿಟ್ಟು, ಒಬ್ಬರ ಬರೆಹದ ಮೇಲೆ ಮತ್ತೊಬ್ಬರು ಬರೆಯುವಂಥ ವ್ಯವಸ್ಥೆಯನ್ನು ರೂಪಿಸಿದರು. ಅವರ ಮುಖ್ಯ ವಿಚಾರವೆಂದರೆ, ತರಗತಿಯ ಜ್ಞಾನವು ಪ್ರತಿಯೊಬ್ಬ ವಿದ್ಯಾರ್ಥಿಯ ಖಾಸಗಿ ಆಸ್ತಿಯಲ್ಲ, ಎಲ್ಲರೂ ಸೇರಿ ತಿದ್ದಿ ಬೆಳೆಸಬೇಕಾದ ಸಮಾನ ಸ್ವತ್ತು ಎಂಬುದು. ಈ ವಿಚಾರ ಎಷ್ಟು ಮನೋಹರವೋ ಅದನ್ನು ಆಚರಣೆಗೆ ತರುವುದು ಅಷ್ಟೇ ಕಠಿಣ. ನಮ್ಮ ನುಡಿಯಲ್ಲಿಯೂ ನೆರೆಯ ತೆಲುಗಿನಲ್ಲಿಯೂ ವಿದ್ಯಾರ್ಥಿಗಳು ಕೂಡಿ ಬರೆದ ವಿಕಿಪುಟಗಳನ್ನು ಎದುರಿಗಿಟ್ಟುಕೊಂಡು, ಯಂತ್ರವು ಸಹಪಾಠಿಯ ಪಾದಕ್ಕೆ ಎಲ್ಲಿ ನೆರವಾಯಿತು, ಎಲ್ಲಿ ನೆರವಾದಂತೆ ತೋರಿತಷ್ಟೆ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಈ ವಿವೇಚನೆಯನ್ನು ವಿಜಯವಾಡದ ಭವಾನಿಪುರಂ ಬಡಾವಣೆಯಲ್ಲಿ ಕುಳಿತು ಮಾಡುವುದಕ್ಕೆ ಕಾರಣವುಂಟು. ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಬಂದ ಕೃಷ್ಣೆ ಈ ಬಡಾವಣೆಯ ಪಕ್ಕದಲ್ಲಿ ಹರಿಯುತ್ತಾಳೆ. ಇಲ್ಲಿಂದ ಮೂಡಲಿಗೆ, ಏಲೂರಿನ ಸಮೀಪದಲ್ಲಿ ಹಳೆಯ ವೆಂಗಿಯ ನೆಲವಿದೆ. ಪಂಪನ ಪೂರ್ವಿಕರು ಆ ವೆಂಗಿಮಂಡಲದವರು; ‘ಛಂದೋಂಬುಧಿ’ಯ ನಾಗವರ್ಮನ ಮನೆತನದ ಮೂಲವೂ ಅತ್ತಲಿನದೇ. ಪಂಪನ ತಮ್ಮನಾದ ಜಿನವಲ್ಲಭನು ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರನ್ನೂ ಕೆತ್ತಿಸಿದನು. ಎರಡು ನುಡಿಗಳ ನಡುವೆ ಬಾಳುವುದು ಆ ಮನೆತನಕ್ಕೆ ಹೊರೆಯಾಗಿರಲಿಲ್ಲ. ಇಂದು ಇದೇ ಊರಿನ ಕನ್ನಡ ಮನೆಯ ಮಗು ತಾಯಿಯೊಡನೆ ಕನ್ನಡವಾಡುತ್ತದೆ, ಬೀದಿಯಲ್ಲಿ ತೆಲುಗಾಡುತ್ತದೆ, ಶಾಲೆಯಲ್ಲಿ ತೆಲುಗನ್ನೂ ಇಂಗ್ಲಿಷನ್ನೂ ಓದುತ್ತದೆ. ಕನ್ನಡದ ಅಕ್ಷರವನ್ನು ಅದಕ್ಕೆ ಮನೆಯ ಹಿರಿಯರು ಕಲಿಸಬಹುದು. ಪುಸ್ತಕವನ್ನೂ ತರಿಸಿಕೊಡಬಹುದು. ಆದರೆ ಕನ್ನಡದ ಸಹಪಾಠಿಯನ್ನು ಎಲ್ಲಿಂದ ತರೋಣ? ನಾಲ್ಕು ಪಾದಗಳಲ್ಲಿ ಹೊರನಾಡಿನ ಕನ್ನಡ ಮಗುವಿಗೆ ಪೂರ್ಣವಾಗಿ ಲೋಪವಾಗಿರುವುದು ಈ ಮೂರನೆಯದೇ. ಆದಕಾರಣ ಯಂತ್ರದ ಮೂಲಕ ಕೂಡಿ ಕಲಿಯುವ ಪ್ರಶ್ನೆ ಒಳನಾಡಿನವರಿಗೆ ಒಂದು ಬೋಧನಕ್ರಮದ ಪ್ರಶ್ನೆಯಾದರೆ, ನಮಗೆ ಭಾಷೆಯನ್ನು ಉಳಿಸಿಕೊಳ್ಳುವ ಪ್ರಶ್ನೆಯಾಗಿದೆ.

ವಿಜಯವಾಡಕ್ಕೆ ಈ ವಿಷಯದಲ್ಲಿ ಒಂದು ಸ್ಥಾನವುಂಟು. 2003ರ ಡಿಸೆಂಬರಿನಲ್ಲಿ ಹುಟ್ಟಿದ ತೆಲುಗು ವಿಕಿಪೀಡಿಯದ ದಶಮಾನೋತ್ಸವವು 2014ರ ಫೆಬ್ರವರಿಯಲ್ಲಿ ಈ ನಗರದಲ್ಲಿಯೇ ನಡೆಯಿತು. ಅದಾದ ಬಳಿಕ ಇಲ್ಲಿಯ ಆಂಧ್ರ ಲೊಯೋಲ ಕಾಲೇಜಿನ ವಿದ್ಯಾರ್ಥಿಗಳು ತೆಲುಗು ವಿಕಿಯ ಕಾರ್ಯದಲ್ಲಿ ತೊಡಗಿದರು. ಕನ್ನಡದಲ್ಲಿ ಇದಕ್ಕೆ ಸಂವಾದಿಯಾದ ಕಾರ್ಯ ಸ್ವಲ್ಪ ಮೊದಲೇ ಆರಂಭವಾಗಿದ್ದಿತು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಿಂದ, ಎರಡನೆಯ ಭಾಷೆಯಾಗಿ ಭಾರತೀಯ ಭಾಷೆಗಳನ್ನು ಆರಿಸಿಕೊಂಡ ಪದವಿ ವಿದ್ಯಾರ್ಥಿಗಳು ಆಯಾ ಭಾಷೆಯ ವಿಕಿಗಳಿಗೆ ಬರೆಯತೊಡಗಿದರು. ಮಂಗಳೂರು, ಮೂಡುಬಿದಿರೆಗಳ ಕಾಲೇಜುಗಳಲ್ಲಿಯೂ ಇಂಥ ವಿದ್ಯಾರ್ಥಿ ಬಳಗಗಳು ಹುಟ್ಟಿದುವು. 2016ರ ಆಗಸ್ಟಿನಲ್ಲಿ ತುಳು ವಿಕಿಪೀಡಿಯ ಬೆಳಕು ಕಂಡುದರ ಹಿಂದೆ ಕರಾವಳಿಯ ಉತ್ಸಾಹಿಗಳ ದುಡಿಮೆಯಿದೆ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ 14 ಸಂಪುಟಗಳ ಕನ್ನಡ ವಿಶ್ವಕೋಶದಲ್ಲಿ 6 ಸಂಪುಟಗಳನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದಾದ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿದುದು ಈ ಕಾರ್ಯಕ್ಕೆ ದೊಡ್ಡ ಬಂಡವಾಳವಾಯಿತು. ಕಪಾಟಿನಲ್ಲಿದ್ದ ಪುಟಗಳನ್ನು ವಿಕಿಸೋರ್ಸ್ ಎಂಬ ಮುಕ್ತ ಗ್ರಂಥಭಂಡಾರಕ್ಕೆ ಏರಿಸುವ ಕೆಲಸದಲ್ಲಿ ವಿದ್ಯಾರ್ಥಿಗಳೂ ಕೈಜೋಡಿಸಿದರು.

1936ರಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದಾಗ ಒಬ್ಬ ಮಹಾಶಯನ ಶ್ರಮವೇ ಮಕ್ಕಳ ವಿಶ್ವಕೋಶವಾಯಿತು. ಮೈಸೂರಿನ ವಿಶ್ವಕೋಶದಲ್ಲಿ ವಿದ್ವಾಂಸರ ಮಂಡಲಿಯೊಂದು ಬರೆದು ಓದುಗರಿಗೆ ಕೊಟ್ಟಿತು. ಮೂರನೆಯ ಘಟ್ಟದಲ್ಲಿ ಓದುಗನೇ ಬರೆಯುವವನಾದನು. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ, ಓದುವ ಪುಟವನ್ನು ಓದುಗನೇ ತಿದ್ದಬಹುದಾದ ‘ವಿಕಿ’ಯನ್ನು ಮೊದಲು ನಿರ್ಮಿಸಿದಾಗ ಈ ಮೂರನೆಯ ಘಟ್ಟಕ್ಕೆ ಬೇಕಾದ ಸಾಧನ ದೊರೆಯಿತು. ಕಾರಂತರ ಬಾಲಕ ಓದುಗನು ಓದಿ ಬೆರಗಾಗುತ್ತಿದ್ದನು; ಇಂದಿನ ವಿದ್ಯಾರ್ಥಿಯು ತಾನು ಓದಿದ ವಾಕ್ಯ ಸರಿಯೇ ಎಂದು ಕೇಳಿ ತಿದ್ದಬಲ್ಲನು. ಈ ಅಧಿಕಾರ ಸಣ್ಣದಲ್ಲ. ಅದನ್ನು ವಿದ್ಯಾರ್ಥಿಗಳು ಹೇಗೆ ಬಳಸಿದರೆಂಬುದೇ ವಿಮರ್ಶೆಯ ವಸ್ತು.

ಇಲ್ಲಿ ಒಂದು ಭೇದವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಹಲವರು ಹಂಚಿಕೊಂಡು ಮಾಡಿದ ಕೆಲಸ ಬೇರೆ, ಹಲವರು ಕೂಡಿ ಕಲಿತ ವಿದ್ಯೆ ಬೇರೆ. ಮದುವೆಮನೆಯಲ್ಲಿ ಹತ್ತು ಜನ ತರಕಾರಿ ಹೆಚ್ಚುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಆದರೆ ಅದರಿಂದ ಯಾರೂ ಅಡುಗೆ ಕಲಿಯುವುದಿಲ್ಲ. ಸಾರಿಗೆ ಉಪ್ಪು ಸಾಕೇ ಎಂದು ಒಬ್ಬನು ಕೇಳಿ, ಇನ್ನೊಬ್ಬನು ಸವಿದು ಕಡಮೆಯೆಂದು ಹೇಳಿ, ಮೊದಲಿನವನು ಮರಳಿ ಸವಿದು ಒಪ್ಪಿದ ಗಳಿಗೆಯಲ್ಲಿ ಮಾತ್ರ ಇಬ್ಬರೂ ಕಲಿಯುತ್ತಾರೆ. ನಲವತ್ತು ವಿದ್ಯಾರ್ಥಿಗಳಿಗೆ ನಲವತ್ತು ವಿಷಯಗಳನ್ನು ಹಂಚಿ, ಒಬ್ಬೊಬ್ಬನಿಂದ ಒಂದೊಂದು ಲೇಖನವನ್ನು ಬರೆಸಿದರೆ ವಿಕಿಪೀಡಿಯದ ಲೇಖನಸಂಖ್ಯೆ ನಲವತ್ತು ಹೆಚ್ಚುತ್ತದೆ. ಅಲ್ಲಿ ಸಹಪಾಠಿಯ ಪಾದ ಒಂದು ಅಂಗುಲವೂ ಬೆಳೆದಿರುವುದಿಲ್ಲ. ವಿದ್ಯಾರ್ಥಿಗಳ ವಿಕಿಕಾರ್ಯದ ಬಗೆಗೆ ಬರುವ ವರದಿಗಳು ಸಾಮಾನ್ಯವಾಗಿ ಲೇಖನಗಳ ಸಂಖ್ಯೆಯನ್ನೂ ಪಾಲ್ಗೊಂಡವರ ಸಂಖ್ಯೆಯನ್ನೂ ಹೇಳಿ ತೃಪ್ತವಾಗುತ್ತವೆ. ಇದು ಹೆಚ್ಚಿದ ತರಕಾರಿಯನ್ನು ತೂಗಿ ಅಡುಗೆಯನ್ನು ಹೊಗಳಿದಂತೆ.

ಹಾಗಾದರೆ ಕೂಡಿ ಕಲಿತುದಕ್ಕೆ ಕುರುಹೇನು? ವಿಕಿಯ ರಚನೆಯಲ್ಲಿಯೇ ಅದಕ್ಕೆ ಎರಡು ಸಾಕ್ಷಿಗಳಿವೆ. ಪ್ರತಿಯೊಂದು ಲೇಖನದ ಬೆನ್ನಿಗೆ ‘ಇತಿಹಾಸ’ವೆಂಬ ಒಂದು ಪುಟವಿದೆ, ಯಾರು, ಎಂದು, ಯಾವ ಪದವನ್ನು ತೆಗೆದು ಯಾವ ಪದವನ್ನಿಟ್ಟರೆಂಬುದು ಅಲ್ಲಿ ಅಳಿಯದೆ ಉಳಿಯುತ್ತದೆ. ಜೊತೆಗೆ ‘ಚರ್ಚೆ’ಯೆಂಬ ಮತ್ತೊಂದು ಪುಟವಿದೆ, ಏಕೆ ತಿದ್ದಬೇಕೆಂಬ ವಾದವಿವಾದ ಅಲ್ಲಿ ನಡೆಯಬೇಕು. ಮುದ್ರಿತ ಗ್ರಂಥವು ಈ ಎರಡನ್ನೂ ಮರೆಮಾಡುತ್ತದೆ. ಓದುಗನ ಕೈಗೆ ಬರುವುದು ತಿದ್ದುಪಡಿಯೆಲ್ಲ ಮುಗಿದ ನಂತರದ ನಯವಾದ ಪುಟ. ವಿಕಿಯಲ್ಲಿ ಗ್ರಂಥದ ಜೊತೆಗೆ ಗ್ರಂಥ ಆಗುವ ಬಗೆಯೂ ಕಣ್ಣೆದುರಿಗಿದೆ. ನನ್ನ ಅಭಿಪ್ರಾಯದಲ್ಲಿ ಯಂತ್ರವು ವಿದ್ಯಾರ್ಥಿಗೆ ಕೊಟ್ಟ ನಿಜವಾದ ಉಡುಗೊರೆ ವೇಗವೂ ಅಲ್ಲ, ವಿಸ್ತಾರವೂ ಅಲ್ಲ. ಭಿನ್ನಾಭಿಪ್ರಾಯಕ್ಕೆ ಅದು ಕೊಟ್ಟ ಈ ಸ್ಥಾನ. ತಾನು ಬರೆದುದನ್ನು ಇನ್ನೊಬ್ಬನು ತಿದ್ದಿದುದನ್ನು ಕಂಡು ವಿದ್ಯಾರ್ಥಿಯು ಮೊದಲು ನೊಂದು, ಆಮೇಲೆ ವಿಚಾರಿಸಿ, ಕೊನೆಗೆ ಒಪ್ಪಿಯೋ ಒಪ್ಪದೆಯೋ ಉತ್ತರ ಬರೆಯುವಲ್ಲಿ ಸಹಾಧ್ಯಯನ ನಡೆಯುತ್ತದೆ. ಆದಕಾರಣ ಒಂದು ಕಾಲೇಜಿನ ವಿಕಿಕಾರ್ಯವನ್ನು ಅಳೆಯಬೇಕಾದವರು ಲೇಖನಗಳ ಪಟ್ಟಿಯನ್ನು ಮುಚ್ಚಿಟ್ಟು ಚರ್ಚೆಯ ಪುಟಗಳನ್ನು ತೆರೆದು ನೋಡಬೇಕು. ಅವು ಬರಿದಾಗಿದ್ದರೆ ಅಲ್ಲಿ ದುಡಿಮೆ ನಡೆದಿದೆ, ಕಲಿಕೆ ನಡೆದಿಲ್ಲವೆಂದು ತಿಳಿಯತಕ್ಕದ್ದು.

ಈ ದೃಷ್ಟಿಯಿಂದ ನೋಡಿದರೆ, ಹೆಚ್ಚು ಹೆಸರು ಪಡೆದ ವಿಕಿಪೀಡಿಯಕ್ಕಿಂತ ಅದರ ತಂಗಿಯಾದ ವಿಕಿಸೋರ್ಸ್ ಕೂಡಿ ಕಲಿಯುವುದಕ್ಕೆ ಉತ್ತಮ ಶಾಲೆಯೆಂದು ತೋರುತ್ತದೆ. ಅದರ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಹಳೆಯ ಪುಸ್ತಕದ ಪುಟದ ಚಿತ್ರವನ್ನು ಒಂದು ಮಗ್ಗುಲಲ್ಲಿಯೂ ಅದರ ಅಕ್ಷರರೂಪವನ್ನು ಮತ್ತೊಂದು ಮಗ್ಗುಲಲ್ಲಿಯೂ ಇಡುತ್ತಾರೆ. ಅಕ್ಷರರೂಪವನ್ನು ಒಬ್ಬನು ಬೆರಳಚ್ಚು ಮಾಡಿರಬಹುದು ಅಥವಾ ಚಿತ್ರವನ್ನು ಓದಿ ಯಂತ್ರವೇ ಬರೆದಿರಬಹುದು. ತಿದ್ದದ ಪುಟಕ್ಕೆ ಕೆಂಪು ಗುರುತು. ಒಬ್ಬನು ಚಿತ್ರದೊಡನೆ ಅಕ್ಷರಶಃ ಹೋಲಿಸಿ ತಿದ್ದಿದ ಬಳಿಕ ಹಳದಿ. ಎರಡನೆಯವನೊಬ್ಬನು ಮತ್ತೆ ಹೋಲಿಸಿ ಒಪ್ಪಿದಾಗ ಹಸಿರು. ಹಳದಿಯ ಗುರುತು ಹಾಕಿದವನೇ ಹಸಿರಿನ ಗುರುತು ಹಾಕಲು ಯಂತ್ರವು ಅವಕಾಶ ಕೊಡುವುದಿಲ್ಲ. ಎಷ್ಟೇ ದೊಡ್ಡ ಪಂಡಿತನಾದರೂ ತನ್ನ ಪುಟವನ್ನು ತಾನೇ ಪ್ರಮಾಣೀಕರಿಸುವಂತಿಲ್ಲ. ಮತ್ತೊಬ್ಬನ ಕಣ್ಣು ಬೇಕೇ ಬೇಕು. ಸಹಪಾಠಿಯಿಲ್ಲದೆ ಪಾಠ ಮುಗಿಯದಂಥ ಈ ನಿಯಮವನ್ನು ಉಪದೇಶದಿಂದಲ್ಲದೆ ವ್ಯವಸ್ಥೆಯಿಂದಲೇ ಜಾರಿಗೆ ತಂದಿರುವುದು ಗಮನಿಸತಕ್ಕ ಸಂಗತಿ.

ಕನ್ನಡ ವಿದ್ವತ್ತಿಗೆ ಈ ವಿಧಾನದ ತಿರುಳು ಹೊಸದೇನಲ್ಲ. ಪ್ರತಿಕಾರನ ಕೈತಪ್ಪುಗಳು ಎಷ್ಟು ಬಗೆ, ಹಲವು ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ಬಗೆ ಹೇಗೆ ಎಂಬುದನ್ನು ಡಿ. ಎಲ್. ನರಸಿಂಹಾಚಾರ್ಯರು 1964ರ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಶಾಸ್ತ್ರವಾಗಿ ನಿರೂಪಿಸಿದ್ದಾರೆ. ಅಂದಿನ ಪ್ರತಿಕಾರನ ಸ್ಥಾನದಲ್ಲಿ ಇಂದು ಯಂತ್ರ ನಿಂತಿದೆ. ಅದಕ್ಕೂ ‘ಪ’ಕಾರ ‘ಷ’ಕಾರಗಳ ನಡುವೆ, ‘ಮ’ಕಾರ ‘ಯ’ಕಾರಗಳ ನಡುವೆ ಭ್ರಾಂತಿಯುಂಟಾಗುತ್ತದೆ, ಒತ್ತಕ್ಷರದಲ್ಲಿ ಅದು ಎಡವುತ್ತದೆ, ಅರ್ಕಾವತ್ತನ್ನು ಅಂಕೆಯೆಂದು ಬಗೆಯುತ್ತದೆ. ಹದಿನಾರು ವರ್ಷದ ಬಾಲಕನೊಬ್ಬನು ಇಂಥ ಪುಟವನ್ನು ತಿದ್ದುವಾಗ ‘ಪರುಷ’ವೆಂದಿರಬೇಕೋ ‘ಪುರುಷ’ವೆಂದಿರಬೇಕೋ ಎಂದು ಒಂದು ಗಳಿಗೆ ನಿಂತನೆನ್ನಿ. ಅವನು ಮೊದಲು ಚಿತ್ರವನ್ನು ನೋಡುತ್ತಾನೆ, ಅನಂತರ ಅರ್ಥವನ್ನು ನೋಡುತ್ತಾನೆ, ಆಮೇಲೆ ನಿಘಂಟನ್ನು ತೆರೆಯುತ್ತಾನೆ. ಅವನು ತಪ್ಪಿದರೆ ಹಸಿರು ಗುರುತು ಹಾಕಬೇಕಾದ ಗೆಳತಿ ಅದನ್ನು ಹಿಡಿಯುತ್ತಾಳೆ. ಸಂಪಾದನಶಾಸ್ತ್ರದ ಹೆಸರನ್ನೇ ಕೇಳದ ಇಬ್ಬರು ಆ ಶಾಸ್ತ್ರದ ಮೊದಲ ಪಾಠವನ್ನು ಒಬ್ಬರಿಂದೊಬ್ಬರು ಕಲಿತಂತಾಯಿತು.

ಈ ಪ್ರಶಂಸೆಗೆ ಎದುರಾಗಿ ನಿಲ್ಲುವ ಸಂಗತಿಗಳನ್ನು ಮರೆಮಾಚಬಾರದು. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಸುವ ದೊಡ್ಡ ಪ್ರಯೋಗವೊಂದು ನಡೆಯಿತು. ಬರೆದುದರಲ್ಲಿ ಬಹುಭಾಗ ಬೇರೆ ಬೇರೆ ಗ್ರಂಥಗಳಿಂದಲೂ ಜಾಲತಾಣಗಳಿಂದಲೂ ಯಥಾವತ್ತಾಗಿ ಎತ್ತಿದುದೆಂದು ತಿಳಿದುಬಂದು, ಅದನ್ನು ಅಳಿಸುವ ಹೊರೆ ದೂರದ ಸ್ವಯಂಸೇವಕರ ಮೇಲೆ ಬಿದ್ದು, ಆ ವರ್ಷವೇ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಇದಕ್ಕೆ ವಿದ್ಯಾರ್ಥಿಗಳ ದುರ್ಬುದ್ಧಿಯೇ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ಆದರೆ ನಮ್ಮ ಶಾಲೆಗಳಲ್ಲಿ ಟಿಪ್ಪಣಿಯನ್ನು ನಕಲು ಮಾಡಿ ಒಪ್ಪಿಸುವುದನ್ನೇ ಅಭ್ಯಾಸವೆಂದು ಕಲಿಸಿ, ಕಾಲೇಜಿನಲ್ಲಿ ಒಮ್ಮೆಗೇ ಸ್ವಂತ ವಾಕ್ಯವನ್ನು ಕೇಳಿದರೆ ಅದು ಎಲ್ಲಿಂದ ಬಂದೀತು? ಅಲ್ಲದೆ ಅಂಕಗಳು ವ್ಯಕ್ತಿಗೆ ಸಲ್ಲುತ್ತವೆ, ಗುಂಪಿಗೆ ಸಲ್ಲುವುದಿಲ್ಲ. ಬರೆದ ಅಕ್ಷರಗಳ ಪ್ರಮಾಣಕ್ಕೆ ಅಂಕವಿತ್ತಾಗ ವಿದ್ಯಾರ್ಥಿಯು ಅಕ್ಷರಗಳನ್ನು ಹೆಚ್ಚಿಸುತ್ತಾನೆ. ಮತ್ತೊಬ್ಬನ ಪುಟವನ್ನು ತಿದ್ದುವ ಒಂದು ಗಂಟೆಯ ಶ್ರಮಕ್ಕೆ ಅವನಿಗೆ ಏನೂ ದೊರೆಯದು. ಯಂತ್ರವು ಸಹಕಾರಕ್ಕೆ ಬಾಗಿಲು ತೆರೆಯಿತು, ಅಂಕಪಟ್ಟಿ ಅದನ್ನು ಮುಚ್ಚಿತು.

ಎರಡನೆಯ ಆಕ್ಷೇಪಣೆ ಇನ್ನೂ ಗಹನವಾದುದು. ಈಚಿನ ಕೆಲವೇ ವರ್ಷಗಳಲ್ಲಿ, ಕೇಳಿದ ಪ್ರಶ್ನೆಗೆ ತಾನೇ ಕನ್ನಡದಲ್ಲಿ ಲೇಖನ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳು ವಿದ್ಯಾರ್ಥಿಗಳ ಕೈಗೆ ಬಂದಿವೆ. ಇನ್ನು ಸಹಪಾಠಿ ಏಕೆ, ಯಂತ್ರವೇ ಸಹಪಾಠಿಯಲ್ಲವೇ ಎಂದು ಕೇಳುವವರಿದ್ದಾರೆ. ಯಂತ್ರವು ಉತ್ತರ ಕೊಡುತ್ತದೆ, ತಪ್ಪನ್ನೂ ತೋರಿಸುತ್ತದೆ. ಅದು ಸೇವಕನೂ ಆಗಬಹುದು, ಕೆಲವು ಸಲ ಉಪಾಧ್ಯಾಯನೂ ಆಗಬಹುದು. ಆದರೆ ಸಹಪಾಠಿಯ ಲಕ್ಷಣ ಬೇರೆ. ಅವನಿಗೂ ನನ್ನಷ್ಟೇ ಗೊತ್ತಿಲ್ಲ. ಅವನಿಗೂ ನನ್ನಿಂದ ಏನಾದರೂ ಬೇಕಾಗಿದೆ. ಅವನಿಗೆ ತಿಳಿಸಹೋಗಿ ನಾನು ತಿಳಿದುಕೊಳ್ಳುತ್ತೇನೆ. ನನ್ನ ಸಹಾಯಕ್ಕಾಗಿ ಕಾದಿರುವವನೊಬ್ಬನಿದ್ದಾನೆಂಬ ಅರಿವು ಕಲಿಯುವವನಿಗೆ ಕೊಡುವ ಹೊಣೆಗಾರಿಕೆಯನ್ನು, ಎಲ್ಲವನ್ನೂ ಬಲ್ಲವನಂತೆ ಮಾತನಾಡುವ ಯಂತ್ರ ಕೊಡಲಾರದು. ಯಂತ್ರಕ್ಕೆ ಇಬ್ಬರು ಸಹಪಾಠಿಗಳ ನಡುವಣ ಮೇಜಿನ ಸ್ಥಾನವನ್ನು ಕೊಡೋಣ. ಮೇಜಿನಾಚೆಯ ಪೀಠವನ್ನು ಕೊಡುವುದು ಬೇಡ.

ಈಗ ಹೊರನಾಡಿನ ಮಗುವಿನ ಪ್ರಶ್ನೆಗೆ ಮರಳೋಣ. ಭವಾನಿಪುರಂನಲ್ಲಿ ಒಂದು ಮಗು, ವಿಶಾಖಪಟ್ಟಣದಲ್ಲಿ ಒಂದು, ಪುಣೆಯಲ್ಲಿ ಒಂದು, ಕಾಸರಗೋಡಿನಲ್ಲಿ ಒಂದು. ಇವರು ಒಂದು ಬೆಂಚಿನಲ್ಲಿ ಕೂಡಲಾರರು. ಒಂದು ಪುಟದಲ್ಲಿ ಕೂಡಬಹುದು. ಒಬ್ಬನ ಹಳದಿಗೆ ಮತ್ತೊಬ್ಬನ ಹಸಿರು ಬೇಕೆಂಬ ನಿಯಮಕ್ಕೆ ಊರಿನ ಹಂಗಿಲ್ಲ. ಆಂಧ್ರದ ನಮ್ಮ ಮಕ್ಕಳಿಗೆ ಇನ್ನೊಂದು ಅನುಕೂಲವೂ ಉಂಟು. ಕನ್ನಡ ತೆಲುಗುಗಳೆರಡೂ ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. ಜಗತ್ತಿನ ಎಲ್ಲ ಲಿಪಿಗಳಿಗೆ ಗಣಕದಲ್ಲಿ ಸಂಖ್ಯೆಗಳನ್ನು ಗೊತ್ತುಮಾಡಿದ ಯೂನಿಕೋಡ್ ಸಂಕೇತವು ತೆಲುಗಿಗೂ ಕನ್ನಡಕ್ಕೂ ಅಕ್ಕಪಕ್ಕದ 128 ಸ್ಥಾನಗಳ ಎರಡು ಮನೆಗಳನ್ನು ಕೊಟ್ಟಿದೆ. ಹಳಗನ್ನಡದ ರಳದಂಥ ಒಂದೆರಡನ್ನು ಬಿಟ್ಟರೆ, ತೆಲುಗಿನ ಅಕ್ಷರದ ಸಂಖ್ಯೆಗೆ 128 ಕೂಡಿಸಿದರೆ ಕನ್ನಡದ ಅದೇ ಅಕ್ಷರ ಬರುತ್ತದೆ. ಆದಕಾರಣ ಕನ್ನಡದ ಪುಟವನ್ನು ತೆಲುಗು ಲಿಪಿಯಲ್ಲಿ ತೋರಿಸುವುದು ಗಣಕಕ್ಕೆ ಕ್ಷಣಮಾತ್ರದ ಕೆಲಸ. ತೆಲುಗಿನ ಅಕ್ಷರವನ್ನಷ್ಟೇ ಬಲ್ಲ ನಮ್ಮ ಮಗುವಿಗೆ ಆರಂಭದಲ್ಲಿ ಪಂಜೆಯವರ ಕತೆಯನ್ನು ಆ ಲಿಪಿಯಲ್ಲಿ ಓದಿಸಬಹುದು. ಇದು ಏಣಿ ಮಾತ್ರವೆಂಬುದನ್ನು ಮರೆಯಬಾರದು. ಪುಟವನ್ನು ತಿದ್ದುವುದಕ್ಕೆ ಕುಳಿತಾಗ ಚಿತ್ರದಲ್ಲಿರುವ ಕನ್ನಡದ ಅಕ್ಷರವನ್ನೇ ನೋಡಬೇಕಾಗುತ್ತದೆ. ತಲೆಕಟ್ಟಿನ ಅಲ್ಪ ಭೇದಗಳನ್ನು ಗುರುತಿಸುತ್ತ ಗುರುತಿಸುತ್ತ ಲಿಪಿ ತಾನಾಗಿ ವಶವಾಗುತ್ತದೆ. ಬರಿಯ ತಿದ್ದುವಿಕೆಯ ನೆವದಿಂದ ಮಗು ಓದುವುದಕ್ಕೆ ಕಲಿತಿರುತ್ತದೆ.

ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ ಮಕ್ಕಳಿಂದ ಹಾಡಿಸುತ್ತವೆ, ಕುಣಿಸುತ್ತವೆ. ಅದು ಸಂತೋಷದ ವಿಷಯವೇ. ಅದರ ಜೊತೆಗೆ ವರ್ಷಕ್ಕೆ ಒಂದು ಪುಸ್ತಕವನ್ನು ಆರಿಸಿಕೊಂಡು ಮಕ್ಕಳ ಕೈಗೆ ಕೊಡಬೇಕೆಂದು ನನ್ನ ಸೂಚನೆ. ನಮ್ಮ ದೇಶದ ಕಾನೂನಿನಂತೆ ಗ್ರಂಥಕರ್ತನು ತೀರಿಕೊಂಡು 60 ವರ್ಷಗಳಾದ ಮೇಲೆ ಅವನು ತನ್ನ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು ಸರ್ವರ ಸ್ವತ್ತಾಗುತ್ತವೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಬರೆಹಗಳಿಗೆ ಈ ಅಡ್ಡಿ ಬಹುಕಾಲದ ಹಿಂದೆಯೇ ತೀರಿದೆ. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಗಳ ಕೃತಿಗಳು 2024ರ ಜನವರಿಯಿಂದ ಹೀಗೆ ಮುಕ್ತವಾಗಿವೆ. ಗಡಿನಾಡಿನ ಕವಿಯನ್ನು ಹೊರನಾಡಿನ ಮಕ್ಕಳು ತಿದ್ದಿ ಉಳಿಸುವುದರಲ್ಲಿ ಒಂದು ಔಚಿತ್ಯವೂ ಇದೆ. ಒಂದೂರಿನ ಮಗುವಿಗೆ ಹತ್ತು ಪುಟ. ಎರಡನೆಯ ಓದು ಕಡ್ಡಾಯವಾಗಿ ಬೇರೆ ಊರಿನ ಮಗುವಿನದು. ತಿದ್ದಿದವರಿಗೆ ಬಹುಮಾನ ಬೇಡ. ಕೊಡಲೇಬೇಕೆಂದಿದ್ದರೆ ಚರ್ಚೆಯ ಪುಟದಲ್ಲಿ ಅತ್ಯುತ್ತಮವಾದ ಪ್ರಶ್ನೆಯನ್ನು ಕೇಳಿದ ಇಬ್ಬರಿಗೆ, ಕೇಳಿದವನಿಗೂ ಉತ್ತರಿಸಿದವನಿಗೂ ಸಮಭಾಗವಾಗಿ, ಕೊಡೋಣ. ವರ್ಷಾಂತ್ಯದ ವರದಿಯಲ್ಲಿ ಎಷ್ಟು ಪುಟಗಳು ಏರಿದುವೆಂದು ಬರೆಯುವುದಕ್ಕಿಂತ, ಎಷ್ಟು ಪುಟಗಳು ಎರಡನೆಯ ಕಣ್ಣನ್ನು ಕಂಡುವೆಂದು ಬರೆಯೋಣ.

ಇದೆಲ್ಲಕ್ಕೂ ಬೇಕಾಗುವ ಸಲಕರಣೆ ಒಂದು ಸಾಧಾರಣ ಗಣಕ ಮತ್ತು ಅಂತರಜಾಲದ ಒಂದು ಎಳೆ. ಸಲಕರಣೆಗಾಗಿ ನಾವು ಇನ್ನು ಕಾಯಬೇಕಾಗಿಲ್ಲ. ಕಾಯುತ್ತಿರುವುದು ಕೆಂಪು ಗುರುತಿನ ಪುಟಗಳು; ಅವುಗಳ ಒಂದು ಪಕ್ಕದಲ್ಲಿ ಹಿರಿಯರ ಅಚ್ಚಿನಕ್ಷರ, ಮತ್ತೊಂದು ಪಕ್ಕದಲ್ಲಿ ಯಂತ್ರದ ತಪ್ಪೋದು. ಇವುಗಳ ನಡುವೆ ಇಬ್ಬರು ಮಕ್ಕಳು ಬಂದು ಕುಳಿತರೆ ಮೂರನೆಯ ಪಾದ ತನ್ನ ಲೆಕ್ಕಕ್ಕೆ ಬರುತ್ತದೆ. ಅವರಲ್ಲಿ ಒಬ್ಬರನ್ನಾದರೂ ಕೃಷ್ಣೆಯ ಈ ದಡದಿಂದ ಕಳುಹಿಸುವ ಹೊಣೆ ನಮ್ಮದು.